ಓದುಗರ ಪ್ರಶ್ನೆ: ಚಾನ್ ಚಾನ್ ಎಂಬ ಮಣ್ಣಿನ ನಗರ

ಕಳೆದ ಸಂಚಿಕೆಯಲ್ಲಿ ನಮ್ಮ ಸೀಮೆಯ ಮಣ್ಣಿನ ಮನೆಗಳ ಬಗ್ಗೆ ಬರೆಯುವಾಗ ಪೆರು ದೇಶದ ಚಾನ್ ಚಾನ್ ನಗರದ ಹೆಸರನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಕೋಲಾರ ಜಿಲ್ಲೆಯ ಓದುಗರು ಸಾಲುಸಾಲಾಗಿ ಪತ್ರ ಬರೆದಿದ್ದಾರೆ. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಪೆರು ಎಂದರೆ ನಮಗೆ ಗೊತ್ತಿರುವುದು ಮಾಚು ಪಿಚು ಒಂದೇ. ಚಾನ್ ಚಾನ್ ನಗರವನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿದ್ದಾರೆ ಎಂದು ಬರೆದಿದ್ದೀರಿ. ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಯನ್ನು ಎರಡು ಮಳೆಗಾಲ ನೋಡಿಕೊಳ್ಳದೆ ಬಿಟ್ಟಿದ್ದಕ್ಕೆ ಅರ್ಧ ಕರಗಿ ಕೂತಿದೆ. ಹಾಗಿರುವಾಗ ಒಂದು ಊರಿಗೆ ಊರೇ ಐನೂರು ವರ್ಷ ಹೇಗೆ ನಿಂತಿತು? ಕಲ್ಲಿನ ಮಾಚು ಪಿಚುವಿಗೆ ಇರುವ ಮಹತ್ವ ಅದಕ್ಕೂ ಇದೆಯೇ?
— ಮಾಲೂರು ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ಮನೆಯ ಗೋಡೆಗೂ ಚಾನ್ ಚಾನ್‌ನ ಗೋಡೆಗೂ ಮಣ್ಣಿನಲ್ಲಿ ಅಂಥ ಅಂತರವಿಲ್ಲ, ಅಂತರವಿರುವುದು ಆಕಾಶದಲ್ಲಿ. ಪೆರುವಿನ ಉತ್ತರ ಕರಾವಳಿಯು ಸಮುದ್ರದ ದಡದಲ್ಲೇ ಹಾಸಿಕೊಂಡಿರುವ ಮರುಭೂಮಿ. ಅಲ್ಲಿ ಪೆಸಿಫಿಕ್ ಸಾಗರದಲ್ಲಿ ಹರಿಯುವ ಹಂಬೋಲ್ಟ್ ಪ್ರವಾಹದ ನೀರು ಎಷ್ಟು ತಣ್ಣಗಿರುತ್ತದೆ ಎಂದರೆ, ಅದರ ಮೇಲಿನ ಗಾಳಿ ಮೇಲಕ್ಕೇರಿ ಮಳೆಮೋಡವಾಗುವುದೇ ಇಲ್ಲ; ಮುಂಜಾನೆ ಮಂಜು ಕವಿದು, ಮಧ್ಯಾಹ್ನಕ್ಕೆ ಕರಗಿಹೋಗುತ್ತದೆ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಜಿಲ್ಲೆಯನ್ನು ನಾವು ಬರದ ನಾಡು ಎನ್ನುತ್ತೇವೆ. ಅಲ್ಲಿ ಸಾಮಾನ್ಯ ವರ್ಷವೊಂದರಲ್ಲಿ ಬೀಳುವ ಒಟ್ಟು ಮಳೆ, ನಮ್ಮ ಒಂದು ಸಂಜೆಯ ಗುಡುಗುಮಳೆಗೂ ಸಮನಾಗುವುದಿಲ್ಲ. ಅಂಥ ಕಡೆ ಮಣ್ಣು ಸುಲಭಕ್ಕೆ ಕರಗುವುದಿಲ್ಲ.

ಈಗಿನ ಟ್ರುಹಿಯೋ ಪಟ್ಟಣಕ್ಕೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಮೋಚೆ ನದಿಯ ಕಣಿವೆ ಸಮುದ್ರಕ್ಕೆ ತೆರೆದುಕೊಳ್ಳುವ ಬಯಲಿನಲ್ಲಿ ಚಾನ್ ಚಾನ್ ಇದೆ. ಅದು, ಮಾಚು ಪಿಚು ಕಟ್ಟಿದ ಇಂಕಾಗಳಿಗಿಂತ ಮೊದಲು ಉತ್ತರ ಕರಾವಳಿಯನ್ನು ಆಳಿದ ಚಿಮು ರಾಜ್ಯದ ರಾಜಧಾನಿಯಾಗಿತ್ತು. ಸುಮಾರು ಒಂಬತ್ತನೆಯ ಶತಮಾನದಿಂದ ಬೆಳೆಯತೊಡಗಿದ ಈ ನಗರ, 1470ರ ಸುಮಾರಿಗೆ ಇಂಕಾಗಳ ವಶವಾಗುವ ಹೊತ್ತಿಗೆ ಇಪ್ಪತ್ತು ಚದರ ಕಿಲೋಮೀಟರಿನಷ್ಟು, ನಮ್ಮ ಲೆಕ್ಕದಲ್ಲಿ ಐದು ಸಾವಿರ ಎಕರೆಯಷ್ಟು, ಹರಡಿಕೊಂಡಿತ್ತು. ಅದರ ನಡುಭಾಗವೇ ಆರು ಚದರ ಕಿಲೋಮೀಟರ್ ಇದೆ. ಆ ನಡುಭಾಗದಲ್ಲಿ ಒಂಬತ್ತು ದೊಡ್ಡ ಅರಮನೆ ಆವರಣಗಳಿವೆ; ಒಂದೊಂದರ ಸುತ್ತಲೂ ಬುಡದಲ್ಲಿ ಅಗಲವಾಗಿ ತುದಿಗೆ ಹೋಗುತ್ತಾ ಸಪೂರವಾಗುವ ಮಣ್ಣಿನ ಗೋಡೆ; ಕೆಲವು ಕಡೆ ಆ ಗೋಡೆಯ ಎತ್ತರ ಒಂಬತ್ತು ಮೀಟರ್, ಎಂದರೆ ನಮ್ಮ ಮೂರು ಅಂತಸ್ತಿನ ಮನೆಯಷ್ಟು. ಒಳಕ್ಕೆ ಹೋಗಲು ಉತ್ತರ ದಿಕ್ಕಿನಲ್ಲಿ ಒಂದೇ ಬಾಗಿಲು. ಅದನ್ನು ದಾಟಿದರೆ ದೊಡ್ಡ ಅಂಗಳ, ಆಮೇಲೆ ಇಕ್ಕಟ್ಟಾದ ಓಣಿಗಳು, ಸಾಲುಸಾಲು ಉಗ್ರಾಣಗಳು, ಮೂರು ಕಡೆ ಗೋಡೆಯಿದ್ದು ಒಂದು ಕಡೆ ತೆರೆದ ಚಿಕ್ಕ ಕಟ್ಟೆಮನೆಗಳು, ಕೊನೆಯಲ್ಲಿ ದೊರೆಯನ್ನು ಹೂಳುವ ಎತ್ತರದ ಜಗತಿ. ಒಬ್ಬ ದೊರೆ ಸತ್ತರೆ ಅವನ ಅರಮನೆ ಅವನ ಹೆಸರಿಗೇ ಉಳಿದು, ಪಟ್ಟಕ್ಕೆ ಬಂದವನು ತನಗೆ ಬೇರೆ ಅರಮನೆ ಕಟ್ಟಿಸಿಕೊಳ್ಳಬೇಕಾಗಿತ್ತು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಜನಸಾಮಾನ್ಯರ ಮನೆಗಳು ಇಷ್ಟು ಗಟ್ಟಿಮುಟ್ಟಾಗಿರಲಿಲ್ಲ. ಜೊಂಡು ಹೆಣೆದು ಮೇಲೆ ಮಣ್ಣು ಬಳಿದ, ನಾವು ತಡಿಕೆ ಗೋಡೆ ಎನ್ನುವ ಬಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನೇಯ್ಗೆಯವರು, ಲೋಹದ ಕೆಲಸದವರು, ಮರಗೆಲಸದವರು ಅಲ್ಲಿದ್ದರು. ಒಟ್ಟು ಜನಸಂಖ್ಯೆ ಮೂವತ್ತು ಸಾವಿರವೋ ಅರವತ್ತು ಸಾವಿರವೋ ಎಂಬಲ್ಲಿ ಅಂದಾಜುಗಳು ಬೇರೆಯಾಗುತ್ತವೆ. ಅಮೆರಿಕ ಖಂಡಗಳಲ್ಲಿ ಮಣ್ಣಿನಿಂದ ಕಟ್ಟಿದ ಅತಿ ದೊಡ್ಡ ಪ್ರಾಚೀನ ನಗರ ಇದೇ ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಮಾಚು ಪಿಚುವಿನ ಜೊತೆ ಹೋಲಿಸಿ ಕೇಳಿದ್ದೀರಿ. ಮಾಚು ಪಿಚು ಹದಿನೈದನೆಯ ಶತಮಾನದಲ್ಲಿ ಕಟ್ಟಿ ನೂರು ವರ್ಷ ತುಂಬುವ ಮೊದಲೇ ಬಿಟ್ಟುಹೋದ ಬೆಟ್ಟದ ಮೇಲಿನ ರಾಜನಿವಾಸ. ನೋಡಲು ಅದಕ್ಕೆ ಸಾಟಿಯಿಲ್ಲ. ಚಾನ್ ಚಾನ್ ಮೊದಲ ನೋಟಕ್ಕೆ ಕೆರೆ ಏರಿ ಒಡೆದು ಬಿದ್ದಂತೆ ಕಾಣುತ್ತದೆ ಎಂದರೂ ತಪ್ಪಿಲ್ಲ. ಆದರೆ ಐನೂರಕ್ಕೂ ಹೆಚ್ಚು ವರ್ಷ ಬಾಳಿ ಬದುಕಿದ ಒಂದು ರಾಜಧಾನಿ ಹೇಗೆ ಬೆಳೆಯಿತು, ಧಾನ್ಯವನ್ನು ಎಲ್ಲಿ ತುಂಬಿಸಿತು, ಯಾರನ್ನು ಒಳಗೆ ಬಿಟ್ಟುಕೊಂಡು ಯಾರನ್ನು ಹೊರಗೇ ನಿಲ್ಲಿಸಿತು ಎಂಬುದನ್ನೆಲ್ಲ ಆ ಗೋಡೆಗಳ ನಕ್ಷೆಯಿಂದಲೇ ಓದಬಹುದು. ಚಿಮುಗಳಿಗೆ ಲಿಪಿ ಇರಲಿಲ್ಲವಾದ್ದರಿಂದ ಆ ಗೋಡೆಗಳೇ ಅವರ ಶಾಸನ. ನನ್ನನ್ನು ಕೇಳಿದರೆ, ತಿಳಿದುಕೊಳ್ಳುವುದಕ್ಕೆ ಚಾನ್ ಚಾನ್ ಹೆಚ್ಚಿನದು.

ಪ್ರಶ್ನೆ: ಚಿಮು ದೊರೆಗಳ ಸಮಾಧಿಗಳಲ್ಲಿ ಬೇಕಾದಷ್ಟು ಚಿನ್ನವಿತ್ತಂತೆ. ಅದೆಲ್ಲ ಈಗ ಎಲ್ಲಿದೆ?
— ಕೆಜಿಎಫ್‌ನ ಕಾಲೇಜು ವಿದ್ಯಾರ್ಥಿ

ಉತ್ತರ: ಚಿನ್ನದ ಗಣಿಯ ಊರಿನಿಂದ ಈ ಪ್ರಶ್ನೆ ಬರದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಬಹುಪಾಲು ಕರಗಿಹೋಯಿತು. ಸ್ಪೇನ್‌ನವರು 1530ರ ದಶಕದಲ್ಲಿ ಪಕ್ಕದಲ್ಲೇ ಟ್ರುಹಿಯೋ ಪಟ್ಟಣವನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ಸಮಾಧಿ ದಿಬ್ಬಗಳನ್ನು ಅವರು ಗಣಿಗಳಂತೆಯೇ ಕಂಡರು. ಗಣಿಗಾರಿಕೆಗೆ ಕೊಡುವಂತೆ ಪರವಾನಗಿ ಕೊಟ್ಟು, ಪಾಲುದಾರರು ಬಂಡವಾಳ ಹಾಕಿ, ಸಿಕ್ಕಿದ್ದರಲ್ಲಿ ಐದನೆಯ ಒಂದು ಭಾಗವನ್ನು ರಾಜನ ಬೊಕ್ಕಸಕ್ಕೆ ಕಟ್ಟಿ, ಉಳಿದದ್ದನ್ನು ಹಂಚಿಕೊಂಡರು. ಒಡವೆಗಳನ್ನು ಒಡವೆಗಳಾಗಿ ಉಳಿಸಿಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ. ಗಟ್ಟಿ ಮಾಡಿ ತೂಕಕ್ಕೆ ಹಾಕಿದರು. ಅದಕ್ಕೂ ಮೊದಲೇ ಇಂಕಾಗಳು ಚಿಮುಗಳ ಕೊನೆಯ ಸ್ವತಂತ್ರ ದೊರೆ ಮಿಂಚಾನ್ಸಾಮನ್‌ನನ್ನೂ ನಿಪುಣ ಲೋಹ ಕೆಲಸಗಾರರನ್ನೂ ತಮ್ಮ ರಾಜಧಾನಿ ಕುಸ್ಕೊ ನಗರಕ್ಕೆ ಕರೆದೊಯ್ದಿದ್ದರು.

ಸಮಾಧಿ ದಿಬ್ಬವನ್ನು ಆ ಸೀಮೆಯಲ್ಲಿ ವಾಕಾ ಎನ್ನುತ್ತಾರೆ. ಅದನ್ನು ಕದ್ದು ಅಗೆಯುವವನು ವಾಕೆರೊ. ನಮ್ಮಲ್ಲಿ ನಿಧಿಗಳ್ಳ ಎಂದ ಹಾಗೆ. ಪಾಳುಬಿದ್ದ ಗುಡಿಯ ಗರ್ಭಗುಡಿಯಲ್ಲಿ ರಾತ್ರೋರಾತ್ರಿ ತೋಡಿದ ಗುಂಡಿಯನ್ನೂ ಅದರ ಪಕ್ಕದಲ್ಲಿ ಬಿದ್ದ ನಿಂಬೆಹಣ್ಣು ಕುಂಕುಮವನ್ನೂ ನಮ್ಮ ಜಿಲ್ಲೆಯವರು ಕಂಡೇ ಇರುತ್ತಾರೆ. ಚಾನ್ ಚಾನ್‌ನ ದೊರೆಗಳ ಸಮಾಧಿ ಜಗತಿಗಳು ಇಂಥ ಗುಂಡಿಗಳಿಂದ ಜರಡಿಯಂತಾಗಿವೆ. ಹೋದ ಚಿನ್ನಕ್ಕಿಂತ ದೊಡ್ಡ ನಷ್ಟವೆಂದರೆ, ಯಾವ ವಸ್ತು ಯಾವ ಪದರದಲ್ಲಿ, ಯಾರ ಪಕ್ಕದಲ್ಲಿ ಇತ್ತು ಎಂಬ ವಿವರ. ಅದು ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ. ಕಳ್ಳರ ಕೈಗೆ ಸಿಗದೆ ಉಳಿದದ್ದೂ ಉಂಟು. 2018ರಲ್ಲಿ ಉತ್ಸ್ ಆನ್ ಎಂಬ ಅರಮನೆ ಆವರಣದ ಓಣಿಯೊಂದರಲ್ಲಿ, ಗೋಡೆಯ ಗೂಡುಗಳಲ್ಲಿ ನಿಲ್ಲಿಸಿದ್ದ ಮರದ ಕಾವಲು ವಿಗ್ರಹಗಳು ಸಿಕ್ಕಿದವು. ಮುಖಕ್ಕೆ ಜೇಡಿಮಣ್ಣಿನ ಮುಖವಾಡ ಹಾಕಿದ್ದ ಅಂಥ ಹತ್ತೊಂಬತ್ತು ವಿಗ್ರಹಗಳು ಮಣ್ಣಿನಡಿ ಹಾಗೇ ಉಳಿದಿದ್ದವು.

ಪ್ರಶ್ನೆ: ಎಲ್ ನಿನೊ ಬಂದರೆ ನಮ್ಮ ಮಳೆ ಕೈಕೊಡುತ್ತದೆ ಎಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಅದೇ ಎಲ್ ನಿನೊ ಚಾನ್ ಚಾನ್ ನಗರವನ್ನು ಮಳೆಯಿಂದ ಹಾಳು ಮಾಡುತ್ತದೆ ಎಂದರೆ ನಂಬುವುದು ಹೇಗೆ?
— ಬಂಗಾರಪೇಟೆಯ ಕೃಷಿಕರು

ಉತ್ತರ: ಎರಡೂ ನಿಜ. ಮೇಲೆ ಹೇಳಿದ ತಣ್ಣೀರಿನ ಜಾಗದಲ್ಲಿ ಕೆಲವು ವರ್ಷಗಳಿಗೊಮ್ಮೆ ಬೆಚ್ಚನೆಯ ನೀರು ಬಂದು ನಿಲ್ಲುತ್ತದೆ. ಕ್ರಿಸ್ಮಸ್ ಹೊತ್ತಿಗೆ ಬರುವ ಈ ಬೆಚ್ಚನೆಯ ನೀರಿಗೆ ಪೆರುವಿನ ಬೆಸ್ತರೇ ಬಾಲಯೇಸುವಿನ ನೆನಪಿನಲ್ಲಿ ಎಲ್ ನಿನೊ ಎಂದು ಹೆಸರಿಟ್ಟರು. ಆಗ ಮೋಡ ಕಟ್ಟುವುದು ಅವರ ನೆತ್ತಿಯ ಮೇಲೆ. ಸಾಗರದಾಚೆ ದೂರದಲ್ಲಿರುವ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 1982ರಲ್ಲಿ ಹಾಗೆಯೇ ಆಯಿತು: ಭಾರತದಲ್ಲಿ ಮಳೆ ಕೊರತೆ, ಮರುವರ್ಷ ಪೆರುವಿನಲ್ಲಿ ಪ್ರವಾಹ. 1997-98ರಲ್ಲಿ ಮಾತ್ರ ಪೆರು ಮುಳುಗಿದರೂ ನಮ್ಮ ಮುಂಗಾರು ಸರಿಯಾಗಿಯೇ ಸುರಿಯಿತು; ಆದ್ದರಿಂದ ಈ ನಂಟನ್ನು ಕಟ್ಟುನಿಟ್ಟಿನ ನಿಯಮ ಎಂದುಕೊಳ್ಳಬೇಡಿ. 2017ರಲ್ಲಿ ಪೆರುವಿನ ಕರಾವಳಿಯ ಬಳಿ ಮಾತ್ರ ನೀರು ಬಿಸಿಯಾಗಿ, ಟ್ರುಹಿಯೋ ಪಟ್ಟಣದ ಬೀದಿಗಳಲ್ಲಿ ಕೆಸರಿನ ಹೊಳೆ ಹರಿಯಿತು. ಮಳೆಗೆ ಸೂರೇ ಇಲ್ಲದೆ ಬಯಲಲ್ಲಿ ನಿಂತ ಹಸಿ ಇಟ್ಟಿಗೆಯ ಗೋಡೆಗೆ ಅಂಥ ಮಳೆಯ ಒಂದು ವಾರ, ನೂರು ವರ್ಷದ ಬಿಸಿಲಿಗಿಂತ ಕೆಟ್ಟದ್ದು.

ಪ್ರಶ್ನೆ: ನಾನು ನೀರಾವರಿ ಇಲಾಖೆಯಿಂದ ನಿವೃತ್ತನಾದವನು. ಮಳೆಯೇ ಇಲ್ಲದ ಕಡೆ ಅಷ್ಟು ಜನರಿಗೆ ನೀರು ಎಲ್ಲಿಂದ ಬರುತ್ತಿತ್ತು? ಕೆರೆಗಳಿದ್ದವೇ?
— ಕೋಲಾರ ನಗರದ ಓದುಗರು

ಉತ್ತರ: ನಮ್ಮಂತೆ ಏರಿ ಕಟ್ಟಿ ಮಳೆನೀರು ನಿಲ್ಲಿಸುವ ಕೆರೆ ಅಲ್ಲಿ ಸಾಧ್ಯವಿರಲಿಲ್ಲ, ನಿಲ್ಲಿಸಲು ಮಳೆಯೇ ಇರಲಿಲ್ಲ. ಆದರೆ ನಮಗಿಲ್ಲದ ಭಾಗ್ಯ ಅವರಿಗಿತ್ತು: ಆಂಡೀಸ್ ಪರ್ವತದ ಮೇಲೆ ಬಿದ್ದ ಮಳೆ ಚಿಕ್ಕ ಚಿಕ್ಕ ನದಿಗಳಾಗಿ ಮರುಭೂಮಿಯನ್ನು ದಾಟಿ ಸಮುದ್ರ ಸೇರುತ್ತದೆ. ಮೋಚೆ ನದಿಯಿಂದ ಕಾಲುವೆ ತೆಗೆದು ಅವರು ಬಯಲನ್ನು ಗದ್ದೆ ಮಾಡಿದರು. ಅದು ಸಾಲದಾದಾಗ ಉತ್ತರಕ್ಕಿರುವ ಚಿಕಾಮಾ ನದಿಯ ನೀರನ್ನು ಈ ಕಣಿವೆಗೆ ತರಲು ಎಪ್ಪತ್ತು ಕಿಲೋಮೀಟರಿಗೂ ಉದ್ದದ ಲಾ ಕುಂಬ್ರೆ ಕಾಲುವೆಯನ್ನು ತೋಡಿದರು. ಗುಡ್ಡದ ಮಗ್ಗುಲಲ್ಲಿ ಕಲ್ಲು ಪೇರಿಸಿ, ಹಳ್ಳ ಬಂದಲ್ಲಿ ಒಡ್ಡು ಹಾಕಿ ಸಾಗಿಸಿದ ಆ ಕಾಲುವೆಯ ಕುರುಹು ಇಂದಿಗೂ ಇದೆ. ಅದರಲ್ಲಿ ಕೊನೆಯವರೆಗೆ ನೀರು ಹರಿದದ್ದು ಉಂಟೋ ಇಲ್ಲವೋ ಎಂಬ ಬಗ್ಗೆ ತಜ್ಞರು ಇನ್ನೂ ವಾದಿಸುತ್ತಾರೆ. ಎತ್ತಿನಹೊಳೆಯ ನೀರಿಗಾಗಿ ಕಾದಿರುವ ಜಿಲ್ಲೆಯವರಿಗೆ ಈ ಬಗೆಯ ವಾದ ಹೊಸದೇನಲ್ಲ.

ನಗರದೊಳಗಿನ ನೀರಿನ ಏರ್ಪಾಡು ಇನ್ನೂ ಚೆಂದದ್ದು. ಸಮುದ್ರ ಹತ್ತಿರವಿದ್ದುದರಿಂದ ಅಂತರ್ಜಲ ಆಳದಲ್ಲಿರಲಿಲ್ಲ. ಆದ್ದರಿಂದ ಅವರು ಬಾವಿಗಳನ್ನು ತೋಡಿದ್ದಲ್ಲದೆ, ನೀರಿನ ಮಟ್ಟದವರೆಗೆ ನೆಲವನ್ನೇ ಉದ್ದಗಲಕ್ಕೂ ಬಗೆದು ತಗ್ಗಿನ ತೋಟಗಳನ್ನು ಮಾಡಿಕೊಂಡರು. ಅದಕ್ಕೆ ವಾಚಾಕೆ ಎಂದು ಹೆಸರು. ನಮ್ಮ ಕಲ್ಯಾಣಿಯಂತೆ ಚೌಕಾಕಾರವಾಗಿ ಇಳಿದುಹೋಗುವ ಆ ತಗ್ಗಿನಲ್ಲಿ ತೊತೊರಾ ಎಂಬ ಜೊಂಡು ಬೆಳೆಯುತ್ತಿತ್ತು, ಈಗಲೂ ಬೆಳೆಯುತ್ತದೆ. ಕಾಲುವೆಯಿಂದ ಹೊಲಕ್ಕೆ ಹರಿಸಿದ ನೀರು ಇಂಗಿ ಈ ಬಾವಿಗಳನ್ನು ತುಂಬಿಸುತ್ತಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದ ಮೇಲೆ ಸುತ್ತಲ ಬತ್ತಿದ ಬಾವಿಗಳು ಕಣ್ಣು ಬಿಟ್ಟದ್ದನ್ನು ಕಂಡ ತಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಇತ್ತೀಚಿನ ದಶಕಗಳಲ್ಲಿ ಪೆರು ಸರ್ಕಾರವು ಸಾಂತಾ ನದಿಯ ನೀರನ್ನು ಚಾವೊ, ವಿರು, ಮೋಚೆ, ಚಿಕಾಮಾ ಎಂಬ ನಾಲ್ಕು ಕಣಿವೆಗಳಿಗೆ ಹರಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ನಾಲ್ಕರ ಹೆಸರನ್ನೂ ಜೋಡಿಸಿ ಅದನ್ನು ಚಾವಿಮೋಚಿಕ್ ಎನ್ನುತ್ತಾರೆ. ಮರುಭೂಮಿ ಹಸಿರಾಯಿತು, ಟ್ರುಹಿಯೋ ಜನರಿಗೆ ನಲ್ಲಿ ನೀರು ಬಂದು ಬಾವಿಗಳಿಂದ ಸೇದುವುದು ಕಡಿಮೆಯಾಯಿತು, ಹೊಲದ ನೀರು ಇಂಗಿತು. ಈ ಎಲ್ಲದರ ಫಲವಾಗಿ ಚಾನ್ ಚಾನ್ ಅಡಿಯ ಅಂತರ್ಜಲ ಮೇಲೇರಿ ಗೋಡೆಗಳ ಬುಡವನ್ನು ಮುಟ್ಟಿತು. ನೀರು ಬಂದದ್ದು ಕೆಟ್ಟದ್ದೆಂದು ಕೋಲಾರದಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ. ಅವರೂ ಹಾಗೆ ಹೇಳಲಿಲ್ಲ. ಹಳೆಯ ವಾಚಾಕೆಗಳ ಹೂಳೆತ್ತಿ, ಬಸಿಗಾಲುವೆ ತೋಡಿ, ಹೆಚ್ಚಾದ ನೀರನ್ನು ಸಮುದ್ರದ ಕಡೆಗೆ ಬಸಿದುಬಿಟ್ಟು ಮಟ್ಟವನ್ನು ತಗ್ಗಿಸಿದರು.

ಪ್ರಶ್ನೆ: ಗೋಡೆಗಳಿಗೆ ಒಳ್ಳೆಯ ಸಿಮೆಂಟಿನ ಗಾರೆ ಮಾಡಿಸಿ, ಮೇಲೆ ತಗಡು ಹೊದಿಸಿದರೆ ಮುಗಿಯಿತಲ್ಲ? ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಹೇಳಿದ ಮೇಲೂ ಅದು ಅಪಾಯದಲ್ಲಿದೆ ಎಂದರೆ ಯಾರ ತಪ್ಪು?
— ಮುಳಬಾಗಿಲಿನ ಪ್ರೌಢಶಾಲಾ ಶಿಕ್ಷಕಿ

ಉತ್ತರ: ಅಮ್ಮಾ, ಸಿಮೆಂಟಿನ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಮ್ಮ ಮನೆಯಲ್ಲೇ ಮಾಡಿದ್ದೇವೆ. ಕೋಲಾರ ತಾಲ್ಲೂಕಿನ ನಮ್ಮ ಅಜ್ಜಿಯ ಮನೆ ಕಲ್ಲಿನ ತಳಪಾಯದ ಮೇಲೆ ಎದ್ದ ಮಣ್ಣಿನ ಗೋಡೆಯದು. ಕೆಮ್ಮಣ್ಣಿಗೆ ರಾಗಿ ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು ಕೊಳೆಯಿಸಿ, ಕಾಲಿನಲ್ಲಿ ತುಳಿದು ಹದ ಮಾಡಿ ಏರಿಸಿದ ಗೋಡೆ. ಗೋಡೆಯ ಸಿಪ್ಪೆ ಎದ್ದ ಕಡೆ ಬೆರಳಿಟ್ಟರೆ ಎಪ್ಪತ್ತು ವರ್ಷದ ಹಿಂದಿನ ಹುಲ್ಲಿನ ಕಡ್ಡಿ ಹೊಂಬಣ್ಣದಲ್ಲೇ ಸಿಗುತ್ತಿತ್ತು. ಅಜ್ಜಿ ಹಬ್ಬಕ್ಕೊಮ್ಮೆ ಮಣ್ಣಿನ ಸಾರಣೆ ಮಾಡಿ ಸುಣ್ಣ ಬಳಿಯುತ್ತಿದ್ದರು. ಅವರು ಹೋದ ಮೇಲೆ, ವರ್ಷವರ್ಷದ ಈ ರಗಳೆ ಏಕೆಂದು ಗೋಡೆಯ ಕೆಳಭಾಗಕ್ಕೆ ಮೂರಡಿ ಸಿಮೆಂಟ್ ಬಳಿಸಿದೆವು. ನಾಲ್ಕು ವರ್ಷ ಚೆನ್ನಾಗಿತ್ತು. ಐದನೆಯ ವರ್ಷ ಸಿಮೆಂಟಿನ ಹಲಗೆ ಹಾಗೇ ಕಳಚಿ ಬಿತ್ತು. ಅದರ ಹಿಂದೆ ಗೋಡೆಯ ಮಣ್ಣು ಬೆಲ್ಲದ ಪುಡಿಯಂತೆ ಉದುರಿ ಮೊಣಕೈ ಹೋಗುವಷ್ಟು ಪೊಳ್ಳಾಗಿತ್ತು.

ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಗಾಳಿಗೆ ಬಿಡುತ್ತದೆ. ಬಿಡುವ ದಾರಿಯನ್ನು ಮುಚ್ಚಿದರೆ ತೇವ ಒಳಗೇ ನಿಂತು ಗೋಡೆಯನ್ನು ತಿನ್ನುತ್ತದೆ. ಚಾನ್ ಚಾನ್‌ನಲ್ಲಿ ಇದರ ಜೊತೆ ಸಮುದ್ರತೀರದ ಉಪ್ಪೂ ಇದೆ. ನೆಲದಿಂದ ಏರಿದ ನೀರು ಗೋಡೆಯ ಮೈಮೇಲೆ ಬಂದು ಆರುವಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆಯುತ್ತಾ ಮಣ್ಣಿನ ಕಣಗಳನ್ನು ಒಂದರಿಂದೊಂದು ದೂಡುತ್ತದೆ. ಆಮೇಲೆ ಸಮುದ್ರದ ಗಾಳಿ ಬೀಸಿದರೆ ಸಾಕು, ಪದರಕ್ಕೆ ಪದರವೇ ಉದುರುತ್ತದೆ. ಉಬ್ಬುಚಿತ್ರಗಳಿರುವುದು ಆ ಮೇಲಿನ ಪದರದಲ್ಲೇ. ಮೀನಿನ ಸಾಲು, ಕಡಲ ಹಕ್ಕಿಗಳು, ಬಲೆಯ ಕಣ್ಣುಗಳಂಥ ಜಾಲರಿ, ಅಲೆಯಂಥ ಸುರುಳಿ, ಎಲ್ಲವೂ ಎರಡು ಮೂರು ಬೆರಳು ದಪ್ಪದ ಮಣ್ಣಿನ ಗಾರೆಯಲ್ಲಿ ಕೊರೆದವು. ರಾಸಾಯನಿಕ ದ್ರವ ಕುಡಿಸಿ ಆ ಪದರವನ್ನು ಗಟ್ಟಿ ಮಾಡುವ ಪ್ರಯೋಗಗಳೂ ನಡೆದವು. ಇಂಥ ಪ್ರಯೋಗಗಳಲ್ಲಿ ಒಂದು ತೊಡಕಿದೆ: ಮೈ ಗಟ್ಟಿಯಾಗಿ ಒಡಲು ಮೆತ್ತಗೇ ಉಳಿದರೆ, ನಮ್ಮ ಸಿಮೆಂಟಿನಂತೆ ಅದೂ ಹೊಪ್ಪಳೆ ಎದ್ದು ಕಳಚುತ್ತದೆ. ಇನ್ನು ತಗಡಿನ ಸೂರು: ಮುಖ್ಯವಾದ ಚಿತ್ರಗಳಿಗೆ ಸೂರು ಹಾಕಿದ್ದಾರೆ, ಎಲ್ ನಿನೊ ಮುನ್ಸೂಚನೆ ಬಂದಾಗ ಇನ್ನಷ್ಟು ಹೊದಿಸುತ್ತಾರೆ, ಆದರೆ ಆರು ಚದರ ಕಿಲೋಮೀಟರಿಗೆ, ಎಂದರೆ ಸಾವಿರದೈನೂರು ಎಕರೆಗೆ, ಯಾರು ಸೂರು ಕಟ್ಟಬಲ್ಲರು?

ಆದ್ದರಿಂದ ಅಲ್ಲಿ ಈಗ ನಡೆಯುವ ಕೆಲಸ ಬಹುಪಾಲು ಅಜ್ಜಿಯ ಕೆಲಸವೇ. ಗೋಡೆಯ ನೆತ್ತಿಯ ಮೇಲೆ ಅದೇ ಬಗೆಯ ಹೊಸ ಹಸಿ ಇಟ್ಟಿಗೆಯ ಒಂದೆರಡು ವರಸೆ ಇಡುತ್ತಾರೆ. ಮಳೆ ಬಂದರೆ ಕರಗುವುದು ಆ ಹೊಸ ವರಸೆ, ಹಳೆಯ ಗೋಡೆ ಉಳಿಯುತ್ತದೆ. ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಓಟ ಸರಿಪಡಿಸುತ್ತಾರೆ. ಅಗೆದು, ಅಳತೆ ತೆಗೆದು, ಚಿತ್ರ ಬರೆದುಕೊಂಡ ಎಷ್ಟೋ ಭಾಗಗಳನ್ನು ಮತ್ತೆ ಮರಳು ಮಣ್ಣಿನಿಂದ ಮುಚ್ಚುತ್ತಾರೆ. ನೋಡಲೆಂದು ಬಂದವರಿಗೆ ಇದು ನಿರಾಸೆ ತರುವ ಸಂಗತಿ. ಆದರೆ ಐನೂರು ವರ್ಷ ಆ ಚಿತ್ರಗಳನ್ನು ಕಾಪಾಡಿದ್ದು ಮೇಲೆ ಬಿದ್ದ ಮಣ್ಣೇ ಆಗಿರುವಾಗ, ತೆರೆದಿಟ್ಟು ನಮ್ಮ ಕಣ್ಣೆದುರೇ ಉದುರಲು ಬಿಡುವುದಕ್ಕಿಂತ ಮುಚ್ಚಿಡುವುದೇ ಸರಿ ಎಂದು ನಾನು ಹೇಳುತ್ತೇನೆ.

ಯುನೆಸ್ಕೊ ವಿಷಯ. 1986ರಲ್ಲಿ ಚಾನ್ ಚಾನ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; ಅದೇ ವರ್ಷ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿಂದೀಚೆಗೆ ಮೂರು ದಶಕಗಳು ಉರುಳಿದರೂ ಆ ಎರಡನೆಯ ಪಟ್ಟಿಯಿಂದ ಬಿಡುಗಡೆ ಸಿಗಲಿಲ್ಲ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಗೋಡೆಗೆ ಮಣ್ಣು ಹತ್ತುವುದಿಲ್ಲ. ಟ್ರುಹಿಯೋ ಪಟ್ಟಣ ಬೆಳೆದು ಅಂಚಿಗೆ ಬಂದಿದೆ, ರಕ್ಷಿತ ಪ್ರದೇಶದೊಳಗೇ ಕೆಲವರು ಹೊಲ ಮಾಡಿಕೊಂಡಿದ್ದಾರೆ, ಕರಾವಳಿಗೆ ಹೋಗುವ ರಸ್ತೆ ಅದರ ನಡುವೆಯೇ ಸಾಗುತ್ತದೆ. ಆದರೂ ಲಾಭವಾಗಿಲ್ಲವೆನ್ನಲಾಗದು. 1996 ಮತ್ತು 1999ರಲ್ಲಿ ಬೇರೆ ಬೇರೆ ದೇಶಗಳ ಸಂರಕ್ಷಕರು ಅಲ್ಲಿ ಸೇರಿ, ಮಣ್ಣಿನ ಕಟ್ಟಡಗಳನ್ನು ಉಳಿಸುವ ಬಗೆಯನ್ನು ಆ ಗೋಡೆಗಳ ನಡುವೆಯೇ ಕಲಿತರು. ಅದರ ಬೆನ್ನಿಗೇ 2000ದಲ್ಲಿ ಇಡೀ ತಾಣಕ್ಕೆ ಒಂದು ನಿರ್ವಹಣಾ ಯೋಜನೆ ಸಿದ್ಧವಾಯಿತು.

ಯಾರ ತಪ್ಪು ಎಂದು ಕೇಳಿದ್ದೀರಿ. ಹುಡುಕುತ್ತಾ ಹೋದರೆ 1470ಕ್ಕೇ ಹೋಗಬೇಕಾಗುತ್ತದೆ. ಇಂಕಾಗಳು ಗೋಡೆಗಳನ್ನು ಉರುಳಿಸಲಿಲ್ಲ. ಗೋಡೆಗಳಿಗೆ ವರ್ಷವರ್ಷ ಮಣ್ಣು ಮೆತ್ತುತ್ತಿದ್ದ ಜನರನ್ನು ಚದುರಿಸಿದರು. ನಮ್ಮ ಅಜ್ಜಿಯ ಮನೆ ಬೀಳಲು ಶುರುವಾದದ್ದೂ ಸಿಮೆಂಟ್ ಬಳಿಸಿದ ದಿನದಿಂದಲ್ಲ, ಸಾರಣೆ ನಿಂತ ವರ್ಷದಿಂದ.

ಪ್ರಶ್ನೆ: ಅಲ್ಲಿಗೆ ಹೋದರೆ ಏನೇನು ನೋಡಲು ಸಿಗುತ್ತದೆ? ಒಂದು ದಿನ ಸಾಕೇ?
— ಶ್ರೀನಿವಾಸಪುರದ ಓದುಗರು

ಉತ್ತರ: ಒಂದು ದಿನ ಧಾರಾಳವಾಗಿ ಸಾಕು. ಒಂಬತ್ತು ಅರಮನೆಗಳಲ್ಲಿ ಪ್ರವಾಸಿಗರು ಮುಖ್ಯವಾಗಿ ನೋಡುವುದು ನಿಕ್ ಆನ್ ಎಂಬ ಒಂದನ್ನು. ಮೊದಲು ಅದಕ್ಕೆ ಚುದಿ ಎಂಬ ಹೆಸರಿತ್ತು. ಅದರ ಕೆಲವು ಗೋಡೆಗಳು 1960ರ ದಶಕದಲ್ಲಿ ಮತ್ತೆ ಕಟ್ಟಿದವು ಎಂಬುದು ನೆನಪಿರಲಿ. ಅಂಗಳದ ಗೋಡೆಯ ಮೇಲೆ ಎರಡು ದಿಕ್ಕಿಗೆ ಈಜುವ ಮೀನುಗಳಿವೆ. ಒಂದು ದಿಕ್ಕಿನವು ತಣ್ಣೀರಿನ ಪ್ರವಾಹ, ಇನ್ನೊಂದು ಬೆಚ್ಚನೆಯ ಪ್ರವಾಹ ಎಂದು ಅಲ್ಲಿನ ಮಾರ್ಗದರ್ಶಿಗಳು ವಿವರಿಸುತ್ತಾರೆ. ಒಳಗೆ ಜೊಂಡು ಬೆಳೆದ ದೊಡ್ಡ ವಾಚಾಕೆಯೊಂದಿದೆ. ಟೋಪಿ ಮತ್ತು ಕುಡಿಯುವ ನೀರು ಇಟ್ಟುಕೊಳ್ಳಿ, ಗೋಡೆ ಎಷ್ಟೇ ಎತ್ತರವಿದ್ದರೂ ನಡುಹಗಲಲ್ಲಿ ನೆರಳಿರುವುದಿಲ್ಲ. ಸಂಜೆ ಹತ್ತಿರದಲ್ಲೇ ಇರುವ ವಾಂಚಾಕೊ ಎಂಬ ಬೆಸ್ತರ ಊರಿಗೆ ಹೋಗಿ. ಅದೇ ತೊತೊರಾ ಜೊಂಡನ್ನು ಕಟ್ಟಿ ಮಾಡಿದ, ಮೂತಿ ಮೇಲೆದ್ದ ಸಣ್ಣ ದೋಣಿಗಳ ಮೇಲೆ ಅವರು ಈಗಲೂ ಕಡಲಿಗೆ ಇಳಿಯುತ್ತಾರೆ. ಮೀನು ಇಳಿಸಿದ ಮೇಲೆ ನೀರು ಸೋರಿಹೋಗಲೆಂದು ಆ ದೋಣಿಗಳನ್ನು ದಡದಲ್ಲಿ ಸಾಲಾಗಿ ನೆಟ್ಟಗೆ ನಿಲ್ಲಿಸಿರುತ್ತಾರೆ.